ಹದಿನೆಂಟನೆಯ ಲಾಟಿನ ನಲವತ್ತೆಂಟು ತಟ್ಟೆ

ಅಣ್ಣ ಹೋಗಿ ನಾಲ್ಕು ತಿಂಗಳಾಯಿತು. ಎದೆ ಹಿಡಿದುಕೊಂಡಿದೆ ಎಂದು ಬೆಳಿಗ್ಗೆ ಹೊಸೂರಿಗೆ ಹೋದವನು ಮಧ್ಯಾಹ್ನದ ಹೊತ್ತಿಗೆ ಇರಲಿಲ್ಲ. ಮನೆಗೆ ಬಂದವರೆಲ್ಲ ಅವನ ವಿಷಯ ಏನಾದರೂ ಹೇಳು ಎನ್ನುತ್ತಾರೆ. ನಾನು ಮೊದಲಿನಿಂದಲೂ ಮಾತು ಕಡಿಮೆಯವಳು. ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವಾರ ಅತ್ತಿಗೆ ಅವನ ಬೀರುವಿನಲ್ಲಿದ್ದ ಒಂದು ಸಿ.ಡಿ. ತಂದುಕೊಟ್ಟರು. ಅದರಲ್ಲಿ ಎರಡು ಫೈಲುಗಳಿದ್ದವು. ಒಂದು ನಾನು ಮಾಡಿದ್ದು. ಅದು ತೆರೆಯಲಿಲ್ಲ, ಆ ಪ್ರೋಗ್ರಾಮ್ ಈಗಿನ ಕಂಪ್ಯೂಟರಿನಲ್ಲಿ ಇಲ್ಲ. ಇನ್ನೊಂದು ಅಣ್ಣನದು, ಒತ್ತಿದ ಕೂಡಲೇ ತೆರೆದುಕೊಂಡಿತು. ಉದ್ದುದ್ದ ಸಾಲುಗಳು, ನಡುವೆ ಅಲ್ಪವಿರಾಮಗಳು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಒಬ್ಬ ರೈತನ ಹೆಸರು, ಊರು, ತಾರೀಖು, ಎಷ್ಟು ತಟ್ಟೆ ಹುಳು, ಯಾವ ಫೋನು, ಕೊನೆಯಲ್ಲಿ ‘ಈ ಯಪ್ಪ ಮಾತಿಗೆ ಕೂತ್ರೆ ಬಸ್ಸು ತಪ್ಪಿಸ್ತಾನೆ’. ಓದಿದರೆ ಅಳು ಬರುತ್ತದೆ ಅಂದುಕೊಂಡು ಹೆದರಿದ್ದೆ. ಬಂದದ್ದು ನಗು. ಆಮೇಲೆ ಆ ಎರಡು ಫೈಲು ಹುಟ್ಟಿದ ವರ್ಷ ಪೂರಾ ನೆನಪಿಗೆ ಬಂತು.

ನಮ್ಮದು ತಮಿಳುನಾಡಿಗೆ ಸೇರಿದ ಕೆಲಮಂಗಲದಿಂದ ಒಂದೆರಡು ಮೈಲಿ ಒಳಗಿನ ಊರು. ಅಣ್ಣ ಚಾಕಿ ಕೇಂದ್ರ ನಡೆಸುತ್ತಿದ್ದ. ರೇಷ್ಮೆಹುಳುವಿನ ಎಳೆತನಕ್ಕೆ ಚಾಕಿ ಎನ್ನುತ್ತಾರೆ. ಚಿಟ್ಟೆಗಳಿಂದ ಮೊಟ್ಟೆ ತೆಗೆಸುವ ಕೋಠಿಯಿಂದ ಮೊಟ್ಟೆ ತಂದು, ಮರಿ ಮಾಡಿಸಿ, ಎರಡು ಜ್ವರ ದಾಟಿಸಿ, ತಟ್ಟೆಯಲ್ಲಿಟ್ಟು ರೈತರಿಗೆ ಕೊಡುವುದು ನಮ್ಮ ಕೆಲಸ. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಬಿಟ್ಟು, ತಲೆಯೆತ್ತಿಕೊಂಡು ಒಂದು ದಿನ ಸುಮ್ಮನೆ ಕೂರುತ್ತದೆ. ಅದನ್ನೇ ಜ್ವರ ಎನ್ನುವುದು. ಒಂದು ಸಲ ಕೋಠಿಯಿಂದ ಬಂದ ಮೊಟ್ಟೆಯೆಲ್ಲ ಸೇರಿ ಒಂದು ಲಾಟು. ಒಂದು ಲಾಟು ಎರಡನೇ ಜ್ವರದಿಂದ ಏಳುವ ದಿನ ಅಷ್ಟೂ ಹುಳು ಮನೆ ಬಿಡಬೇಕು. ರೈತರು ಸಾಲಾಗಿ ಬರುತ್ತಾರೆ, ಅಣ್ಣ ತಟ್ಟೆ ಎತ್ತಿ ಕೊಡುತ್ತಾನೆ, ನಾನು ಬಾಗಿಲಲ್ಲಿ ಮೇಜು ಹಾಕಿಕೊಂಡು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದ್ದೆ, ಅಕ್ಷರ ದುಂಡಗಿತ್ತು. ಅಷ್ಟೇ ನನ್ನ ಯೋಗ್ಯತೆ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಹೊಸೂರಿನ ಆಲಸನತ್ತಂನಲ್ಲಿ ಮನೆ ಮಾಡಿಕೊಂಡಿದ್ದ ಕಾರ್ಖಾನೆಯ ಗುಮಾಸ್ತರೊಬ್ಬರು ತಮ್ಮ ಹಳೆಯ ಕಂಪ್ಯೂಟರನ್ನು ಅಣ್ಣನಿಗೆ ಕೊಟ್ಟರು. ಅದನ್ನು ಅವನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಮೂರೇ ದಿನದಲ್ಲಿ ನೋಟ್‌ಪ್ಯಾಡ್ ತೆರೆದು, ನನ್ನ ನೋಟ್‌ಬುಕ್ಕುಗಳನ್ನು ಒಂದು ಬೆರಳಿನಲ್ಲಿ ಟೈಪು ಮಾಡಲು ಶುರುಮಾಡಿದ. ಒಂದು ಸಾಲಿಗೆ ಒಬ್ಬ ರೈತ, ಒಂದು ಸಲದ ಹುಳು. ಅದೇ ರೈತ ಮತ್ತೆ ಬಂದರೆ ಮತ್ತೊಂದು ಸಾಲು.

ನನ್ನನ್ನು ಹೊಸೂರಿನ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿಸಿದವನೂ ಅವನೇ. ಅಲ್ಲಿ ಕಲಿಸುತ್ತಿದ್ದ ಮೇಡಂ ತಮಿಳಿನವರು. ನನಗಾಗಿ ಕಷ್ಟಪಟ್ಟು ಕನ್ನಡ ಆಡುತ್ತಿದ್ದರು. ಒಂದು ದಿನ ಅವರು ಡೇಟಾಬೇಸ್ ಎಂದು ಬೋರ್ಡಿನ ಮೇಲೆ ಮೂರು ಚೌಕ ಬರೆದು, ಚೌಕದಿಂದ ಚೌಕಕ್ಕೆ ಗೆರೆ ಎಳೆದರು.

“ಒಂದು ವಿಷಯಂ ಒಂದೇ ಜಾಗದಲ್ಲಿ ದಾನ್ ಇರ್ಬೇಕು ಮಾ” ಎಂದರು. “ಮಿಕ್ಕಿದ ಕಡೆ ಎಲ್ಲಾ ಅದರ ನಂಬರ್ ಮಾತ್ರ. ಪುರಿಯುದಾ?”

ಅರ್ಥವಾಗಲಿಲ್ಲ ಎಂದು ತಲೆಯಾಡಿಸಿದೆ. ಆದರೆ ಸಂಜೆ ಬಸ್ಸಿನಲ್ಲಿ ಕೂತಾಗ, ಮತ್ತಿಗಿರಿ ದಾಟುವಷ್ಟರಲ್ಲಿ, ಅದು ತಟ್ಟನೆ ಹೊಳೆಯಿತು. ನನ್ನ ಮನಸ್ಸಿಗೆ ಬಂದದ್ದು ಕೆಲಮಂಗಲದ ಒಂದು ದಿನಸಿ ಅಂಗಡಿಯ ಫೋನು. ನಮ್ಮ ಹನ್ನೊಂದು ಜನ ರೈತರಿಗೆ ಆ ಅಂಗಡಿಯ ಫೋನೇ ಫೋನು. ಏನಾದರೂ ಇದ್ದರೆ ಅಂಗಡಿಯವರಿಗೆ ಹೇಳಿದರೆ ಊರಿಗೆ ಹೋಗುವವರ ಕೈಲಿ ಹೇಳಿಕಳಿಸುತ್ತಿದ್ದರು. ಆ ತಿಂಗಳು ಫೋನ್ ನಂಬರಿನ ಮುಂದೆ ಒಂದು ಅಂಕಿ ಹೆಚ್ಚಾಗಿತ್ತು. ಅಣ್ಣ ತನ್ನ ಫೈಲಿನಲ್ಲಿ ನಲವತ್ತು ಕಡೆ ತಿದ್ದಿದ್ದ, ಎಲ್ಲೆಲ್ಲೋ ಬಿಟ್ಟೂ ಬಿಟ್ಟಿದ್ದ. ಒಬ್ಬನೇ ರೈತನಿಗೆ ಮೂರು ಸಾಲಿನಲ್ಲಿ ಹೊಸ ನಂಬರು, ಎರಡು ಸಾಲಿನಲ್ಲಿ ಹಳೆಯದು. ಅದನ್ನೇ ರೈತರ ಚೌಕದಲ್ಲಿ ಒಬ್ಬೊಬ್ಬನಿಗೆ ಒಂದೇ ಸಲ ಬರೆದಿದ್ದರೆ? ನಾನು ಬಸ್ಸಿನಲ್ಲಿ ಪಕ್ಕದವರಿಗೆ ಕೇಳಿಸುವ ಹಾಗೆ “ಅಯ್ಯೋ” ಎಂದುಬಿಟ್ಟೆ. ಆಕೆ ಪರ್ಸು ಹೋಯಿತೇನೋ ಎಂದು ಸೀಟಿನ ಕೆಳಗೆಲ್ಲ ನೋಡಿದರು.

ಮನೆಗೆ ಬಂದವಳೇ ಅಣ್ಣನಿಗೆ ಹೇಳಿದೆ. ಒಂದು ಪಟ್ಟಿಯಲ್ಲಿ ರೈತರು. ಒಂದರಲ್ಲಿ ಲಾಟುಗಳು, ಯಾವ ಲಾಟು ಯಾವ ದಿನ ಹೊರಟಿತು, ಒಟ್ಟು ಎಷ್ಟು ತಟ್ಟೆ ಆಯಿತು. ಮೂರನೆಯದರಲ್ಲಿ ಕೊಟ್ಟದ್ದು, ಯಾವ ನಂಬರಿನ ರೈತನಿಗೆ ಯಾವ ದಿನ ಎಷ್ಟು ತಟ್ಟೆ. ಅವನು ಉಪ್ಪಿಟ್ಟು ತಿನ್ನುತ್ತ ಕೇಳಿಸಿಕೊಂಡ.

“ಒಂದು ಸಾಲು ಓದಿದ್ರೆ ಆ ಮನುಷ್ಯ ಕಣ್ಮುಂದೆ ಬಂದು ನಿಂತ್ಕಬೇಕು ಕಣಮ್ಮಿ” ಎಂದ. “ನೀನು ಅವನ್ ಹೆಸ್ರು ಒಂದ್ಕಡೆ, ಹುಳ ಒಂದ್ಕಡೆ, ತಟ್ಟೆ ಒಂದ್ಕಡೆ ಮಡಗಿದ್ರೆ, ಆಸ್ಪತ್ರೇಲಿ ಹೆಣ ಕುಯ್ದಂಗಾಯ್ತದೆ.”

“ನಿನ್ ಸಾಲ್ನಾಗೆ ಒಬ್ಬನೇ ಮನುಷ್ಯ ಐದು ಸಲ ಬಂದು ನಿಂತವ್ನೆ. ಮೂರರಾಗೆ ಒಂದು ಫೋನು, ಎರಡರಾಗೆ ಇನ್ನೊಂದು.”

“ಮನುಷ್ಯ ಅಂದ್ಮೇಲೆ ಬದಲಾಯ್ತಾನೆ.”

“ಹಿಂದ್ಕೂ ಬದಲಾಯ್ತಾನಾ?”

ಅವನಿಗೆ ನಗು ತಡೆಯಲಾಗಲಿಲ್ಲ. ಆದರೆ ಬಿಡಲಿಲ್ಲ. ಕರೆಂಟು ಹೋದರೆ ನಿನ್ನ ಪೆಟ್ಟಿಗೆ ಕೆಡುತ್ತದೆ, ನನ್ನದರಲ್ಲಿ ಕೊನೆಯ ಸಾಲು ಹೋಗಬಹುದು ಅಷ್ಟೆ ಎಂದ. ಅದು ನಿಜವೇ ಆಗಿತ್ತು. ಮೊದಲ ವಾರದಲ್ಲೇ ನಾನು ಉಳಿಸುತ್ತಿರುವಾಗ ಕರೆಂಟು ಹೋಗಿ, ಮೂರು ಪಟ್ಟಿಯೂ ತೆರೆಯದಂತಾಗಿ, ಮೊದಲಿನಿಂದ ಮಾಡಬೇಕಾಯಿತು. ಅಂದಿನಿಂದ ದಿನಾ ಫ್ಲಾಪಿಯಲ್ಲಿ ಒಂದು ಪ್ರತಿ ಇಡತೊಡಗಿದೆ. ಕೊನೆಗೆ ನಾವು ಒಪ್ಪಿಕೊಂಡದ್ದು ಹೀಗೆ: ಅವನು ತನ್ನ ಒಂದೇ ಫೈಲಿನಲ್ಲಿ ಬರೆಯುವುದು, ನಾನು ಅದರಿಂದ ತೆಗೆದು ನನ್ನ ಪಟ್ಟಿಗಳಿಗೆ ಹಾಕುವುದು, ಯಾವುದು ಕೆಲಸಕ್ಕೆ ಬರುತ್ತದೋ ನೋಡುವುದು.

ತೆಗೆದು ಹಾಕುವಾಗ ನಾನು ಎರಡು ಕೆಲಸ ಮಾಡಿದೆ. ಅವನ ಸಾಲಿನ ಬಾಲದಲ್ಲಿದ್ದ ಮಾತುಗಳನ್ನು ಬಿಟ್ಟುಬಿಟ್ಟೆ. ‘ಬಸ್ಸು ತಪ್ಪಿಸ್ತಾನೆ’ ಎನ್ನುವುದಕ್ಕೆ ನನ್ನ ಯಾವ ಪಟ್ಟಿಯಲ್ಲಿ ಜಾಗ? ಇನ್ನೊಂದು, ಅವನ ಸಾಲಿನಲ್ಲಿ ಲಾಟಿನ ನಂಬರು ಇರಲಿಲ್ಲ. ತಾರೀಖು ನೋಡಿದರೆ ಲಾಟು ತಿಳಿಯುತ್ತದೆ, ದಿನಕ್ಕೆ ಒಂದೇ ಲಾಟು ಹೊರಡುವುದು, ಎಂದು ತಾರೀಖಿನಿಂದಲೇ ಜೋಡಿಸಿದೆ. ಒಂದೊಂದು ಲಾಟಿನಲ್ಲಿ ಎಷ್ಟು ತಟ್ಟೆ ಹುಳು ಆಯಿತೆಂದು ಅಣ್ಣ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದ. ಅದನ್ನೂ ಲಾಟಿನ ಪಟ್ಟಿಗೆ ಸೇರಿಸಿದೆ.

ಮೊದಲ ಸಲ ಎರಡು ಪಟ್ಟಿಗಳನ್ನು ಜೋಡಿಸಿ ಕೇಳಿದಾಗ ಆದ ಸಂತೋಷ ಹೇಗೆ ಹೇಳಲಿ. ತಳಿ ಊರಿನ ಕಡೆಯ ರೈತರಲ್ಲಿ ಈ ವರ್ಷ ಮೂರು ಸಲಕ್ಕಿಂತ ಹೆಚ್ಚು ಹುಳು ಒಯ್ದವರು ಯಾರು ಎಂದು ಕೇಳಿದೆ. ಯಂತ್ರ ಒಂದು ಕ್ಷಣ ಗುರುಗುಟ್ಟಿತು, ಏಳು ಹೆಸರು ಕೊಟ್ಟಿತು. ಆ ಏಳು ಹೆಸರನ್ನು ಯಾರೂ ಎಲ್ಲೂ ಒಟ್ಟಿಗೆ ಬರೆದಿರಲಿಲ್ಲ. ಹೊಲದಲ್ಲಿ ಸೊಪ್ಪು ಕುಯ್ಯುತ್ತಿದ್ದ ಅಣ್ಣನನ್ನು ಕೂಗಿ ಕರೆದೆ. ನೋಡಿದ, “ಹ್ಞೂ, ಗೊತ್ತಿರೋ ಜನವೇ” ಎಂದು ಹೋದ. ಆದರೆ ಮಧ್ಯಾಹ್ನ ಊಟಕ್ಕೆ ಬಂದವನು ತಾನಾಗಿ, “ಅಂಚೆಟ್ಟಿ ಕಡೆಯೋರ್ನ ಕೇಳು ನೋಡಾನ” ಎಂದ.

ಒಂದು ಶನಿವಾರ ಬೆಳಿಗ್ಗೆ ಮೊಟ್ಟೆ ಕೊಟ್ಟ ಕೋಠಿಯಿಂದ ಫೋನು ಬಂತು. ಅಣ್ಣ “ಸಾರ್, ಸಾರ್” ಎನ್ನುತ್ತ ನಿಂತೇ ಕೇಳಿ, ಫೋನಿಟ್ಟು ನೆಲದ ಮೇಲೆ ಕೂತುಬಿಟ್ಟ. ಹದಿನೆಂಟನೆಯ ಲಾಟಿನ ತಾಯಿಚಿಟ್ಟೆಗಳನ್ನು ಎರಡನೇ ಸಲ ಪರೀಕ್ಷಿಸಿ ನೋಡಿದಾಗ ಗಂಟುರೋಗ ಕಂಡಿತ್ತು. ಗಂಟುರೋಗ ತಾಯಿಯಿಂದ ಮೊಟ್ಟೆಗೇ ಬರುತ್ತದೆ. ಔಷಧ ಇಲ್ಲ. ಹುಳು ಮೊದಮೊದಲು ಚೆನ್ನಾಗಿಯೇ ಕಾಣುತ್ತದೆ, ಅದರ ಹಿಕ್ಕೆಯಿಂದ ಪಕ್ಕದ ತಟ್ಟೆಗೆ, ತಟ್ಟೆಯಿಂದ ಮನೆಗೆ, ಮನೆಯಿಂದ ಊರಿಗೆ ಹರಡುತ್ತದೆ. ಒಮ್ಮೆ ಹುಳುಮನೆಗೆ ಹೊಕ್ಕರೆ ಮುಂದಿನ ಬೆಳೆಗಳಿಗೂ ಕಾಯುತ್ತ ಕೂತಿರುತ್ತದೆ. ಆ ಲಾಟು ನಮ್ಮಿಂದ ಹೊರಟದ್ದು ಮಂಗಳವಾರ. ಭಾನುವಾರ ಸಂಜೆಗೆ ಮೂರನೇ ಜ್ವರ ಏಳುತ್ತದೆ. ಎದ್ದ ಕೂಡಲೇ ರೈತರು ಒಂದು ತಟ್ಟೆಯ ಹುಳುವನ್ನು ನಾಲ್ಕು ತಟ್ಟೆಗೆ ಅಗಲಿಸುತ್ತಾರೆ, ಬೇರೆ ಹುಳುವಿನ ಜೊತೆ ಬೆರೆಸುತ್ತಾರೆ. ಅಷ್ಟರೊಳಗೆ ಆ ಲಾಟಿನ ನಲವತ್ತೆಂಟು ತಟ್ಟೆಯನ್ನೂ ಹುಡುಕಿ ಸುಡಿಸಬೇಕು. ಒಂದು ತಪ್ಪಿದರೂ ನಲವತ್ತೇಳು ಸುಟ್ಟದ್ದು ದಂಡ. ಆಮೇಲೆ ಅಣ್ಣನ ಕೈಯಿಂದ ಹುಳು ಒಯ್ಯುವವರು ಯಾರೂ ಇರುವುದಿಲ್ಲ.

“ಕೇಳು ನಿನ್ ಪೆಟ್ಟಿಗೇನ” ಎಂದ.

ಕೇಳಿದೆ. ನಿಮಿಷವೂ ಆಗಲಿಲ್ಲ. ಐದು ಹೆಸರು, ಊರು, ಫೋನು, ತಟ್ಟೆ. ಅಣ್ಣ ಕಾಗದಕ್ಕೆ ಬರೆದುಕೊಂಡು ಮೊಪೆಡ್ ಹತ್ತಿರ ಓಡಿದ. ಅವನು ಕಿಕ್ ಹೊಡೆಯುತ್ತಿರುವಾಗ ನಾನು ಸುಮ್ಮನೆ ಇರಲಾರದೆ ಇನ್ನೊಂದು ಪ್ರಶ್ನೆ ಕೇಳಿದೆ: ಈ ಐದು ಜನರ ತಟ್ಟೆ ಕೂಡಿದರೆ ಎಷ್ಟು? ಹದಿನಾಲ್ಕು. ಲಾಟಿನ ಪಟ್ಟಿಯಲ್ಲಿ? ನಲವತ್ತೆಂಟು.

“ಅಣ್ಣಾ, ನಿಂತ್ಕೋ!”

ಮೂವತ್ತನಾಲ್ಕು ತಟ್ಟೆ ಎಲ್ಲಿ? ಅದರ ಹಿಂದಿನ ದಿನ, ಸೋಮವಾರ, ಹೊರಟ ಹದಿನೇಳನೆಯ ಲಾಟು ನೋಡಿದೆ. ಆ ಲಾಟಿನಲ್ಲಿ ಆದದ್ದು ನಲವತ್ತು ತಟ್ಟೆ. ಸೋಮವಾರ ಕೊಟ್ಟದ್ದೆಂದು ಬರೆದಿರುವುದು ಎಪ್ಪತ್ತನಾಲ್ಕು. ನಲವತ್ತು ತಟ್ಟೆ ಇದ್ದ ಮನೆಯಿಂದ ಎಪ್ಪತ್ತನಾಲ್ಕು ಕೊಟ್ಟಿದ್ದೇವೆ!

ಅಣ್ಣ ಮೊಪೆಡ್ ಬಿಟ್ಟು ಒಳಗೆ ಬಂದು ಪರದೆ ನೋಡಿದ. ಎಪ್ಪತ್ತನಾಲ್ಕರಲ್ಲಿ ನಲವತ್ತು ಕಳೆದರೆ ಮೂವತ್ತನಾಲ್ಕು. ನನಗೂ ಅವನಿಗೂ ಒಟ್ಟಿಗೇ ಹೊಳೆಯಿತು. ಅವನು ಹಣೆ ಬಡಿದುಕೊಂಡು, “ಪರಸ್ತಾನ ಕಣಮ್ಮಿ!” ಎಂದ.

ನಮ್ಮ ಕಡೆ ಮಂಗಳವಾರ ಹುಳುವನ್ನು ಮನೆಗೆ ತರುವುದಿಲ್ಲ. ಜ್ವರದಿಂದ ಎದ್ದ ಹುಳುವಿಗೆ ಮಂಗಳವಾರ ಗೊತ್ತೇ? ಅವತ್ತೇ ಸೊಪ್ಪು ಕೇಳುತ್ತದೆ. ಅದಕ್ಕೆ ಜನ ಒಂದು ದಾರಿ ಮಾಡಿಕೊಂಡಿದ್ದರು. ಪ್ರಯಾಣಕ್ಕೆ ದಿನ ಸರಿಯಿಲ್ಲದಿದ್ದರೆ ಹಿಂದಿನ ದಿನವೇ ಒಂದು ಗಂಟನ್ನು ಪಕ್ಕದ ಮನೆಯಲ್ಲಿಟ್ಟು ಹೊರಟ ಹಾಗೆ ಮಾಡುತ್ತಾರಲ್ಲ, ಆ ಪರಸ್ತಾನವನ್ನೇ ಹುಳುವಿಗೂ ಮಾಡುತ್ತಿದ್ದರು. ಸೋಮವಾರ ಬಂದು, ಹುಳು ಮೇಯ್ದ ತಟ್ಟೆಯಿಂದ ಒಂದು ಹಿಪ್ಪುನೇರಳೆ ಎಲೆ ತೆಗೆದುಕೊಂಡು ಹೋಗಿ ದೇವರ ಗೂಡಿನಲ್ಲಿ ಇಡುವುದು. ಅಲ್ಲಿಗೆ ಹುಳು ಸೋಮವಾರವೇ ಮನೆಗೆ ಬಂದ ಹಾಗೆ. ಮಂಗಳವಾರ ಬಂದು ತಟ್ಟೆಗಳನ್ನು ಒಯ್ಯುವುದು. “ಸೋಮಾರ ಅಂತ ಬರ್ಕಳವ್ವ” ಎನ್ನುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಸುಳ್ಳು ಬರೆಯುತ್ತಿದ್ದೇನೆ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಅದು ಸುಳ್ಳೂ ಅಲ್ಲ, ಅವರ ಮಟ್ಟಿಗೆ ಹುಳು ಬಂದದ್ದು ಸೋಮವಾರವೇ. ಯಂತ್ರಕ್ಕೆ ಮಾತ್ರ ಅದು ಗೊತ್ತಿರಲಿಲ್ಲ. ಮಂಗಳವಾರದ ಪಟ್ಟಿಯಲ್ಲಿ ಉಳಿದವರು ಆ ಪದ್ಧತಿ ಇಲ್ಲದ ಐದು ಜನ ಮಾತ್ರ.

ಈಗ ಪ್ರಶ್ನೆ, ಸೋಮವಾರ ಎಂದು ಬರೆದವರಲ್ಲಿ ಎಲೆ ಮುಂದೆ ಕಳಿಸಿದವರು ಯಾರು, ನಿಜವಾಗಿ ಸೋಮವಾರವೇ ಒಯ್ದವರು ಯಾರು? ನನ್ನ ಪಟ್ಟಿಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಅಣ್ಣ ನನ್ನನ್ನು ಪಕ್ಕಕ್ಕೆ ತಳ್ಳಿ ತನ್ನ ಫೈಲು ತೆರೆದ.

“ಬಾಲ ಕತ್ತರಿಸಿದ್ಯಲ್ಲಾ, ಈಗ ನೋಡು.”

ಸಾಲುಗಳ ಬಾಲದಲ್ಲಿ ಅವನ ಮಾತು ಹಾಗೇ ಇತ್ತು. ‘ಎಲೆ ಮುಂದೆ ಹೋಯ್ತು’. ‘ಎಲೆ ತಗಂಡು ಕಾಫಿ ಕುಡ್ದು ಹೋದ್ರು’. ‘ಎಲೆಗೆ ಮೊಮ್ಮಗಳು ಬಂದಿದ್ಲು, ಚೂಟಿ’. ನಾನು ‘ಎಲೆ’ ಎಂಬ ಪದವನ್ನು ಹುಡುಕಲು ಯಂತ್ರಕ್ಕೆ ಹೇಳಿದೆ. ಒಂದೊಂದು ಸಿಕ್ಕಾಗಲೂ ಅಣ್ಣ “ಇದೊಂದು!” ಎಂದು ಮೇಜು ಗುದ್ದುತ್ತಿದ್ದ. ಒಂಬತ್ತು ಮನೆ, ಮೂವತ್ತೊಂದು ತಟ್ಟೆ. ಹದಿನಾಲ್ಕೂ ಮೂವತ್ತೊಂದೂ ನಲವತ್ತೈದು. ಇನ್ನು ಮೂರು ಬೇಕು.

ಮತ್ತೆ ಹುಡುಕಿದೆ. ಆ ಪದ ಇನ್ನೆಲ್ಲೂ ಇಲ್ಲ.

“ನೀನು ಪದ ಹುಡುಕ್ತೀಯ. ನಾನು ಓದ್ತೀನಿ, ಸರ್ಕೋ” ಎಂದ ಅಣ್ಣ. ಸೋಮವಾರದ ಸಾಲುಗಳನ್ನು ಬೆರಳಿಟ್ಟು ಮೇಲಿನಿಂದ ಓದುತ್ತ ಬಂದ. ಒಂದು ಕಡೆ ಬೆರಳು ನಿಂತಿತು. ನಾಟ್ರಾಂಪಾಳ್ಯದ ಒಬ್ಬ ಅಜ್ಜಿ, ಮೂರು ತಟ್ಟೆ. ಕೊನೆಯಲ್ಲಿ ‘ಬಸ್ಸಲ್ಲಿ ಕೊಟ್ಟು ಕಳಿಸಿ, ನಂಟರ ಮನೇಲಿ ಮಲಗಿದ್ರು’ ಎಂದಿತ್ತು. ಕಾಡಂಚಿನ ಊರು, ದಿನಾ ಬಂದು ಹೋಗಲು ಆಗುವುದಿಲ್ಲ. ಅಜ್ಜಿ ಸೋಮವಾರ ಎಲೆಯನ್ನು ಊರಿಗೆ ಹೋಗುವ ಬಸ್ಸಿನಲ್ಲಿ ಯಾರದೋ ಕೈಲಿ ಕಳಿಸಿ, ತಾವು ಕೆಲಮಂಗಲದಲ್ಲಿ ಉಳಿದು, ಮಂಗಳವಾರ ಹುಳು ಹೊತ್ತುಕೊಂಡು ಹೋಗಿದ್ದರು. ಏನು ಕೊಟ್ಟು ಕಳಿಸಿದರು ಎಂದು ಅಣ್ಣ ಬರೆದಿರಲಿಲ್ಲ, ಅವನಿಗೆ ಗೊತ್ತಿತ್ತು.

ನಲವತ್ತೆಂಟು! ಇಬ್ಬರೂ ಚಿಕ್ಕ ಮಕ್ಕಳ ಹಾಗೆ ಕುಣಿದೆವು. ಮನೆಯ ಮೇಲೆ ಅಂಥ ಕಷ್ಟ ಬಂದಿರುವಾಗ ಕುಣಿಯಬಾರದಿತ್ತೇನೋ, ಆದರೆ ಕುಣಿದೆವು.

ಅವತ್ತು ನಾನು ದಿನಸಿ ಅಂಗಡಿಗೆ, ಬೇರೆ ಫೋನುಗಳಿಗೆ ತಿಳಿಸುತ್ತ ಹೋದೆ. ಅಣ್ಣ ಮೊಪೆಡ್ಡಿನಲ್ಲಿ ಮನೆಮನೆ ತಿರುಗಿದ. ಎರಡು ಕಡೆ ನಾನೂ ಹಿಂದೆ ಕೂತು ಹೋದೆ. ಸುಲಭವಾಗಿರಲಿಲ್ಲ. ಡೆಂಕಣಿಕೋಟೆ ರಸ್ತೆಯ ಒಬ್ಬರು, ನಾವು ಮಾವ ಎಂದು ಕರೆಯುವವರು, ಹುಳುಮನೆಯ ಬಾಗಿಲಿಗೆ ಅಡ್ಡ ನಿಂತರು.

“ಹುಳ ಎಂಗೈತೆ ನೋಡ್ಲಾ, ಹಾಲ್ ಕುಡ್ದ ಮಗೀನಂಗೈತೆ. ಇದ್ನ ಸುಡು ಅಂತೀಯಲ್ಲ, ಮಾನ ಐತಾ ನಿಂಗೆ?”

“ಮಾನ ಐತೆ ಮಾವ, ಅದ್ಕೇ ಬಂದಿವ್ನಿ. ಇಲ್ದಿದ್ರೆ ಮನೇಲಿ ಕೂತು ನಿಮ್ಮ ಹಣೆಬರ ಅಂದ್ಬುಡ್ತಿದ್ದೆ.”

“ಯಾರೇಳಿದ್ರು ನಂದು ಆ ಲಾಟು ಅಂತ?”

“ನೀನೇ ಹೇಳಿದ್ದು. ಸೋಮಾರ ಎಲೆಗೆ ಬಂದಾಗ ಸೊಂಟ ನೋವು ಅಂದೆ, ಮಂಗ್ಳಾರ ಮಗನ್ನ ಕಳಿಸ್ತೀನಿ ಅಂದೆ. ಎಲ್ಲಾ ಬರ್ಕೊಂಡಿವ್ನಿ.”

ಮಾವ ಬೆರಗಾಗಿ ನೋಡಿದರು. “ಸೊಂಟ ನೋವೂ ಬರ್ಕೊಂಡಿದ್ದೀಯೇನ್ಲಾ?” ಎಂದವರು ಬಾಗಿಲು ಬಿಟ್ಟರು. ಹಿತ್ತಲಿನಲ್ಲಿ ಗುಂಡಿ ತೋಡಿ, ಹುಲ್ಲು ಹಾಕಿ, ತಟ್ಟೆಗಳನ್ನು ಹಾಗೇ ಸುರಿದು ಸೀಮೆಎಣ್ಣೆ ಹಾಕಿದೆವು. ಹುಳು ಸುಡುವ ವಾಸನೆ ಬಟ್ಟೆಯಿಂದ ವಾರವಾದರೂ ಹೋಗಲಿಲ್ಲ. ಬದಲಿಗೆ ಮುಂದಿನ ಲಾಟಿನಲ್ಲಿ ಅಷ್ಟೇ ತಟ್ಟೆ ಕೊಡುತ್ತೇನೆ ಎಂದು ಅಣ್ಣ ಎಲ್ಲರಿಗೂ ಮಾತು ಕೊಟ್ಟ. ಸಂಜೆಯ ಹೊತ್ತಿಗೆ ನಲವತ್ತೈದು ಮುಗಿದಿದ್ದವು.

ಭಾನುವಾರ ಮೊದಲ ಬಸ್ಸಿಗೆ ಅಂಚೆಟ್ಟಿಗೆ ಹೋಗಿ, ಅಲ್ಲಿಂದ ನಾಟ್ರಾಂಪಾಳ್ಯದ ಬಸ್ಸು ಹಿಡಿದೆವು. ಕಾಡಿನ ತಿರುವುಗಳಲ್ಲಿ ಬಸ್ಸು ಕುಂಟುತ್ತ ಹೋಗುತ್ತಿದ್ದರೆ ಅಣ್ಣ ಎದ್ದು ನಿಂತೇ ಬಂದ, ನಿಂತರೆ ಬೇಗ ತಲುಪುವವನ ಹಾಗೆ. ಅಜ್ಜಿ ರಾಗಿ ಕೇರುತ್ತ ಜಗಲಿಯಲ್ಲಿ ಕೂತಿದ್ದರು.

“ಯಾರ್ಲಾ ಅದು, ಚಾಕಿಯೋನಾ? ಇಷ್ಟ್ ದೂರ ಯಾಕಪ್ಪ ಬಂದ್ರಿ ಅಣ್ಣ ತಂಗಿ, ಯಾರಾದ್ರೂ ಹೋಗ್ಬುಟ್ರಾ?”

ಅಣ್ಣ ಕೂತು ನಿಧಾನವಾಗಿ ಹೇಳಿದ. ಅಜ್ಜಿ ಎಲ್ಲ ಕೇಳಿ, ಮೊರ ಕೆಳಗಿಟ್ಟು, ನಮಗಿಂತ ಮುಂಚೆ ತಾವೇ ತಲೆಯಾಡಿಸಿದರು.

“ನೋಡಿದ್ಯಾ? ಎಲೆ ಮುಂದೆ ಕಳಿಸಿದ್ರೂ ಮಂಗ್ಳಾರ ನನ್ನ ಬುಡ್ಲಿಲ್ಲ. ಮೋಸ ಮಾಡ್ದೆ ಅಂತ ಸಿಟ್ಟಾಗೈತೆ.”

ಅದು ಹಾಗಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಅಣ್ಣ ನನ್ನ ಕಾಲು ತುಳಿದ.

ಹುಳುಮನೆಯಲ್ಲಿ ಆ ಲಾಟಿನ ತಟ್ಟೆಗಳು ಎರಡೇ ಇದ್ದವು. ಮೂರನೆಯದು ಎಲ್ಲಿ ಎಂದು ಕೇಳಿದರೆ, ಸೊಪ್ಪು ಸಾಲದಾಗಿ ಒಂದನ್ನು ತಂಗಿಗೆ ಕೊಟ್ಟೆ, ಹಳ್ಳದಾಚೆ ಮನೆ ಎಂದರು. ನಮ್ಮ ಮುಖ ನೋಡಿ ಅಜ್ಜಿಯೂ ಗಾಬರಿಯಾದರು. ಅದು ನನ್ನ ಪಟ್ಟಿಯಲ್ಲೂ ಇರಲಿಲ್ಲ, ಅಣ್ಣನ ಸಾಲಿನಲ್ಲೂ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಹೊತ್ತು ನೆತ್ತಿಗೆ ಬಂದಿತ್ತು. ಹಳ್ಳ ದಾಟಿ ಓಡಿದೆವು. ಅಜ್ಜಿಯೂ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಬಂದರು.

ತಂಗಿಯ ಮನೆಯಲ್ಲಿ ಆ ತಟ್ಟೆ ಸ್ಟ್ಯಾಂಡಿನ ಮೇಲಿನ ಅಂತಸ್ತಿನಲ್ಲಿತ್ತು. ಹುಳು ಇನ್ನೂ ತಲೆಯೆತ್ತಿಕೊಂಡೇ ಕೂತಿತ್ತು, ಜ್ವರ ಎದ್ದಿರಲಿಲ್ಲ. ಅಣ್ಣ ಎರಡು ಕೈಯಲ್ಲೂ ಅದನ್ನು ಹಿಡಿದು ಹೊರಗೆ ತಂದಾಗ ನಾನು “ನಲವತ್ತೆಂಟು” ಎಂದು ಎಣಿಕೆ ಮುಗಿಸಿದೆ. ಆದರೆ ಅದರ ಕೆಳಗಿನ ಅಂತಸ್ತಿನಲ್ಲಿ ಆಕೆಯ ಸ್ವಂತದ ಎರಡು ತಟ್ಟೆ ಇದ್ದವು, ಹದಿನೇಳನೆಯ ಲಾಟಿನವು, ಯಾವ ರೋಗವೂ ಇಲ್ಲದವು. ಐದು ದಿನದಿಂದ ಮೇಲಿನ ತಟ್ಟೆಯ ಹಿಕ್ಕೆ ಅವುಗಳ ಮೇಲೆ ಉದುರಿತ್ತು.

ಅಣ್ಣ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, ಮತ್ತೆ ಒಳಗೆ ಹೋಗಿ ಅವುಗಳ ಮುಂದೆ ನಿಂತ. ಆ ಎರಡು ನಮ್ಮ ನಲವತ್ತೆಂಟರಲ್ಲಿ ಇಲ್ಲ. ಬಿಟ್ಟು ಹೋಗಿದ್ದರೆ ಕೇಳುವವರಿರಲಿಲ್ಲ. ತಂಗಿಯಾದವರು ಅಕ್ಕನಿಗಿಂತ ಗಟ್ಟಿಗಿತ್ತಿ.

“ಅವೂ ಹೋಗ್ಬೇಕೇನಪ್ಪಾ?”

“ಹೋಗ್ಬೇಕು ಕಣವ್ವ.”

“ಹಂಗಾರೆ ತಗಿ. ನಿಂತ್ಕಂಡು ನೋಡ್ತಿದ್ರೆ ಅವೇನು ನಡ್ಕೊಂಡು ಬತ್ತವಾ?”

ಐವತ್ತು ತಟ್ಟೆ ಆಯಿತು. ಗುಂಡಿ ಮುಚ್ಚಿ, ಸುಣ್ಣ ಹಾಕಿ, ಕೈಕಾಲು ತೊಳೆದು ಕೂತಾಗ ಅಣ್ಣ ನನ್ನ ಕೈಗೆ ಪೆನ್ನು ಕೊಟ್ಟು, “ಬರ್ಕೋ, ಹುಳ ಕೈ ಬದಲಾಯಿಸಿದ್ರೆ ಅದ್ಕೂ ಒಂದು ಪಟ್ಟಿ ಬೇಕು” ಎಂದ. ಯಾರು ಯಾರಿಗೆ ಕೊಟ್ಟರು, ಯಾವ ದಿನ, ಎಷ್ಟು. ಎಲೆ ಹೋದ ದಿನ ಒಂದು, ಹುಳು ಹೋದ ದಿನ ಒಂದು, ಎರಡೂ ಬೇಕು ಎಂದ. ಲಾಟಿನ ನಂಬರನ್ನು ಇನ್ನು ಮೇಲೆ ತಟ್ಟೆಯ ಮೇಲೇ ಬಣ್ಣದಲ್ಲಿ ಬರೆಯೋಣ ಎಂದೆ ನಾನು. ಅವನು “ಬಾಲಕ್ಕೂ ಒಂದು ಜಾಗ ಮಾಡು, ಉದ್ದಕೆ” ಎಂದ. ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದೆವು, ಒಬ್ಬರದು ಮುಗಿಯುವ ಮೊದಲೇ ಇನ್ನೊಬ್ಬರು. ಅಕ್ಕ ತಂಗಿ ಇಬ್ಬರೂ ನಮ್ಮನ್ನು ನೋಡುತ್ತ, “ಸುಟ್ಟು ಬಂದೋರು ಹಿಂಗ್ಯಾಕೆ ಹಿಗ್ತಾವ್ರೆ” ಎಂದು ತಮ್ಮಲ್ಲೇ ಆಡಿಕೊಂಡರು. ಬಸ್ಸಿನಲ್ಲಿ ಅಂಚೆಟ್ಟಿಯವರೆಗೂ ಅಣ್ಣ ಕಂಡಕ್ಟರಿಗೆ ನನ್ನ ಪಟ್ಟಿಗಳನ್ನು ವಿವರಿಸಿದ. ಅರ್ಧ ತಪ್ಪು. ನಾನು ತಿದ್ದಲಿಲ್ಲ.

ಆದರೂ ಗೆದ್ದೆವೋ ಇಲ್ಲವೋ ಎಂದು ಆಗ ಗೊತ್ತಿರಲಿಲ್ಲ. ಹದಿನೇಳನೆಯ ಲಾಟಿನ ಹುಳು ಹಣ್ಣಾಗಿ, ಬಿದಿರಿನ ಚಂದ್ರಿಕೆ ಹತ್ತಿ, ಗೂಡು ಕಟ್ಟಿ ಇಳಿಯುವವರೆಗೆ ಕಾಯಬೇಕಿತ್ತು. ಹುಳು ಸುಟ್ಟ ಮನೆಗಳ ಅಕ್ಕಪಕ್ಕದ ಗೂಡುಗಳಿಂದ, ಗಂಟುರೋಗ ಹರಡಿದೆಯೇ ಎಂದು ನೋಡಲು, ಕೋಠಿಯವರು ಮಾದರಿ ಒಯ್ದರು. ಆ ದಿನಗಳಲ್ಲಿ ಅಣ್ಣ ಊಟಕ್ಕೆ ಕೂತರೂ ಫೋನಿನ ಕಡೆ ಮುಖ ಮಾಡಿಯೇ ಕೂರುತ್ತಿದ್ದ. ನಾನು ಹೊಸ ಪಟ್ಟಿ ಮಾಡುತ್ತ ಇದ್ದೆ.

ಕೋಠಿಯಿಂದ ಫೋನು ಬಂದಾಗ ನಾನು ತೋಟದಲ್ಲಿ ಸೊಪ್ಪು ಕುಯ್ಯುತ್ತಿದ್ದೆ. ಹುಳುಮನೆಗೆ ಹೋಗಿ ಬರುವವರು ಚಪ್ಪಲಿ ಬದಲಾಯಿಸಬೇಕು, ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಬೇಕು ಎಂದು ಊರಿಗೆಲ್ಲ ಹೇಳುತ್ತಿದ್ದವನು, ಬಂದವರ ಕಾಲನ್ನೇ ಮೊದಲು ನೋಡುತ್ತಿದ್ದವನು, ಆ ಅಣ್ಣ, ಹುಳುಮನೆಯಿಂದ ಬರಿಗಾಲಿನಲ್ಲಿ ಬದುವಿನ ಮೇಲೆ ಓಡಿ ಬರುತ್ತಿದ್ದ. ದೂರದಿಂದಲೇ ಏನೋ ಕೂಗುತ್ತಿದ್ದ. ಗಾಳಿಗೆ ಮಾತು ಕೇಳಲಿಲ್ಲ. ಎರಡು ಕೈಯನ್ನೂ ಮೇಲೆತ್ತಿ, ಇಲ್ಲ ಇಲ್ಲ ಎಂದು ಆಡಿಸುತ್ತಿದ್ದ. ಯಾವ ಮನೆಯಲ್ಲೂ ರೋಗ ಇಲ್ಲ, ಒಂದರಲ್ಲೂ ಇಲ್ಲ. ನಾನು ಕುಡುಗೋಲು ಬಿಸಾಡಿ ಅವನ ಕಡೆ ಓಡಿದೆ.